ಚೆಲುವಿಯ ಹಗೇವು

ಅಳ್ಬೇಡ ಕಂದ. ಕರೆಂಟ್ ಹೋಗಿ ಕಂಪ್ಯೂಟರಲ್ಲಿ ಬರೆದ ನವಿಲು ಮಾಯ ಆಯ್ತಾ? ಬಾ, ಮಲಕೋ, ಯಾಕೆ ಹೋಯ್ತು ಅಂತ ಹೇಳ್ತೀನಿ.

ಒಂದಾನೊಂದು ಕಾಲದಲ್ಲಿ, ಕರೆಂಟ್ ಅನ್ನೋದೇ ಹುಟ್ಟದ ಕಾಲದಲ್ಲಿ, ಒಬ್ಬ ಗೌಡ ಇದ್ನಂತೆ. ಊರಿನ ರಾಗಿಯೆಲ್ಲ ಅವನ ಹಗೇವಲ್ಲಿ. ಹಗೇವು ಅಂದ್ರೆ ನೆಲದೊಳಗಿನ ಕಣಜ ಕಣೇ. ಒಳಗೆ ಇಳಿದ ರಾಗಿ ವರ್ಷಗಟ್ಟಲೆ ಕೆಡಲ್ಲ, ಆದ್ರೆ ಅದನ್ನ ತೆಗೆಯೋದು ದೊಡ್ಡ ರಗಳೆ, ಮಣ್ಣು ಕೆದಕಿ, ಚಪ್ಪಡಿ ಎತ್ತಿ, ಕೆಟ್ಟ ಗಾಳಿ ಹೋಗೋವರೆಗೂ ಕಾದು, ದೀಪ ಇಳಿಸಿ ನೋಡ್ಬೇಕು. ಗೌಡನಿಗೆ ಇಬ್ಬರು ಗಂಡುಮಕ್ಕಳು, ಕೊನೇದು ಚೆಲುವಿ ಅಂತ ಹುಡುಗಿ. ಹಗೇವನ್ನ ಯಾರು ಚೆನ್ನಾಗಿ ನೋಡ್ಕೋತೀರೋ ಅವರಿಗೇ ಯಜಮಾನಿಕೆ ಅಂದನಂತೆ.

ದೊಡ್ಡೋನು ಮಹಾ ಪುಕ್ಕಲ. ಒಂದು ಮೊರ ರಾಗಿ ಬಂದ್ರೂ ಹಗೇವು ತೆಗೆಸ್ತಿದ್ನಂತೆ, ಆಮೇಲೆ ರಾಗಿ ತಂದು ಕಾಯೋರ ಸಾಲು ಪಕ್ಕದೂರು ಮುಟ್ಟಿ, ಜನ ಬೈಕೊಂಡು ನಿಂತಲ್ಲೇ ತೂಕಡಿಸಿದ್ರಂತೆ.

ಆಮೇಲೆ ಎರಡನೆಯೋನು. ಬಾಯಲ್ಲಿ ಬೆಲ್ಲ, ಮೈಯೆಲ್ಲ ಸೋಮಾರಿತನ. ಜನ ತಂದಿದ್ದನ್ನೆಲ್ಲ ಜಗಲಿ ಮೇಲೆ ಸುರಿಸ್ಕೊಂಡು, ಹಗೇವಿಗೆ ಇಳಿಸಾಯ್ತು ಹೋಗಿ ಅಂತಿದ್ನಂತೆ. ಜನಕ್ಕೆ ಖುಷಿಯೋ ಖುಷಿ! ಜಗಲೀಲಿ ಕಾಲಿಡೋಕೂ ಜಾಗ ಇಲ್ಲ, ಅಷ್ಟರಲ್ಲಿ ಗಾಳಿಮಳೆ ಬಂದು ಎಲ್ಲಾ ಕೊಚ್ಕೊಂಡು ಹೋಯ್ತಂತೆ. ನಿಂಗಾಜಮ್ಮ ಅನ್ನೋ ಮುದುಕಿಯ ಬಿತ್ತನೆ ರಾಗಿನೂ ಹೋಯ್ತು. ಇಳಿಸದೇ ಇಳಿಸಿದೆ ಅಂದ್ಯಲ್ಲೋ ಪಾಪಿ ಅಂತ ಎದೆ ಬಡ್ಕೊಂಡಳಂತೆ.

ಆಮೇಲೆ ಹಗೇವು ನೋಡ್ಕೊಳ್ಳೋಕೆ ಚೆಲುವಿ ಕೂತಳು. ಅವಳೂ ಜಗಲಿ ಮೇಲೇ ಸುರಿಸ್ಕೊಂಡಳು, ಆದ್ರೆ ದಿನಾ ಬೀಸೋಕೆ ಬೇಕಾದ್ದು ಕೈಗೆ ಸಿಗೋ ಹಂಗೆ ಜಗಲೀಲೇ, ಯಾರೂ ಕೇಳದ್ದು ಮೊದಲು ಹಗೇವಿಗೆ. ಅರ್ಧ ಜಗಲಿ ತುಂಬಿದ್ರೆ ಸಾಕು, ಒಂದೇ ಸಲಕ್ಕೆ ಇಳಿಸಿಬಿಡೋಳು. ಒಂದಿನ ಮೋಡ ಕಟ್ಟಿದೆ, ನಿಂಗಾಜಮ್ಮ ಅಟ್ಟ ಗುಡಿಸಿ ಸಿಕ್ಕಿದ ಒಂದು ಸೇರು ಬೀಜ ತಂದು, ಇದೂ ಹೋದ್ರೆ ನನ್ನ ಹೊಲ ಬೀಳು ಕಣವ್ವಾ, ಈಗಲೇ ಇಳಿಸು ಅಂದಳಂತೆ. ಒಂದು ಸೇರಿಗೆ ಚಪ್ಪಡಿ ಎತ್ತಿಸ್ತೀಯಾ ಅಂತ ಅಣ್ಣಂದಿರು ಬಿದ್ದುಬಿದ್ದು ನಕ್ಕರಂತೆ. ಚೆಲುವಿ ಸೆರಗು ಸಿಕ್ಕಿಸಿ ಎತ್ತಿಸೇಬಿಟ್ಟಳು. ನಾನಿನ್ನು ಹೋಗ್ಲಾ ತಾಯಿ ಅಂದ್ರೆ, ತಾಳಜ್ಜಿ, ಚಪ್ಪಡಿ ಮುಚ್ಚಿದ್ದು ಕಣ್ಣಾರೆ ನೋಡಿ ಹೋಗು ಅಂದಳಂತೆ. ಮುಚ್ಚಿದ್ದೇ ತಡ, ಮಳೆ ಧೋ ಅಂತ ಸುರೀತು! ಜಗಲಿ ಮೇಲಿದ್ದ ಒಂದಿಷ್ಟು ಹೋಯ್ತು, ಬೀಜ ಉಳೀತು. ಆ ವರ್ಷ ನಿಂಗಾಜಮ್ಮನ ಹೊಲದಲ್ಲಿ ತೆನೆ ತೂಗಿದ್ದೇ ತೂಗಿದ್ದಂತೆ, ಯಜಮಾನಿಕೆ ಚೆಲುವಿಗೇ ಬಂತಂತೆ.

ನಿನ್ನ ಕಂಪ್ಯೂಟರೊಳಗೂ ಒಬ್ಬಳು ಚೆಲುವಿ ಇದ್ದಾಳೆ, ಕರ್ನೆಲ್ ಅಂತಾರಂತೆ, ಕಂಪ್ಯೂಟರ್ ಒಳಗಿನ ಕೆಲಸವೆಲ್ಲ ನಡೆಸೋ ಪ್ರೋಗ್ರಾಂ ಅಂತೆ, ನಿಮ್ಮಪ್ಪ ಹೇಳ್ತಿದ್ದ. ಮೆಮೊರಿನೇ ಅವಳ ಜಗಲಿ, ಡಿಸ್ಕೇ ಹಗೇವು. ಕರೆಂಟ್ ಹೋದ್ರೆ ಜಗಲಿ ಮೇಲಿದ್ದದ್ದು ಹೋದಂಗೇ. ನವಿಲನ್ನ ಇಳಿಸು ಅಂತ ನೀನು ಹೇಳ್ಲೇ ಇಲ್ವಲ್ಲೇ ಪೆದ್ದಿ! ನಾಳೆ ಇನ್ನೊಂದು ಬರಿ, ಸೇವ್ ಒತ್ತು, ಚಪ್ಪಡಿ ಮುಚ್ಚೋವರೆಗೂ ಏಳ್ಬೇಡ.

ಕತೆ ಮುಗೀತು, ಹಗೇವು ಮುಚ್ಚಾಯ್ತು, ಇನ್ನು ನಿನ್ನ ಕಣ್ಣೊಂದು ಬಾಕಿ.