ಮಣ್ಣು ಮೆತ್ತದ ಗೂಡು

ಹಸಿಮಣ್ಣು ಮೆತ್ತಲು ತಾನು ಮರೆತದ್ದರಿಂದಲೇ ಗೂಡು ಗಾಳಿಗೆ ಹರಿದುಬಿದ್ದು ಮರಿ ಸತ್ತಿತೆಂದು ಗಂಡು ಗೀಜಗ ಕೊರಗುತ್ತಿತ್ತು. ನಿಜ ತಿಳಿಯಲೆಂದು ಎಂಟು ಖಾಲಿ ಗೂಡು ಹೆಣೆದು, ನಾಲ್ಕಕ್ಕೆ ಮಾತ್ರ ಮಣ್ಣು ಮೆತ್ತಿತು.

"ಮಣ್ಣಿನವೆಲ್ಲ ಗಟ್ಟಿ ಕೊಂಬೆಯಲ್ಲೇ ಇವೆಯಲ್ಲಣ್ಣಾ," ಎಂದಿತು ಅಳಿಲು. "ಅವು ಉಳಿದರೆ ಮಣ್ಣನ್ನು ಹೊಗಳುತ್ತೀಯೋ, ಕೊಂಬೆಯನ್ನೋ? ನಿನ್ನನ್ನೇ ದೂರಿಕೊಳ್ಳಲು ಸಾಕ್ಷಿ ಹುಡುಕುತ್ತಿದ್ದೀಯ."

"ಮತ್ತೆ ಯಾವ ಗೂಡಿಗೆ ಮೆತ್ತಬೇಕೆಂದು ಯಾರು ಆರಿಸಬೇಕು?"

"ನೀನಂತೂ ಬೇಡ. ನಾನು ಕಣ್ಣು ಮುಚ್ಚಿ ಕಾಯಿ ಎಸೆಯುತ್ತೇನೆ. ತಗುಲಿದ ನಾಲ್ಕಕ್ಕೆ ಮೆತ್ತು."

ಗೀಜಗ ಹಳೆಯ ಮಣ್ಣು ಕೆರೆದು ತೆಗೆದು, ಹಾಗೆಯೇ ಮಾಡಿತು. ಮೂರು ಬಿರುಗಾಳಿ ಕಳೆದಾಗ ಮಣ್ಣಿದ್ದವುಗಳಲ್ಲಿ ಎರಡು, ಇಲ್ಲದವುಗಳಲ್ಲೂ ಎರಡು ಬಿದ್ದಿದ್ದವು. ಅದು ಮತ್ತೆ ಮತ್ತೆ ಎಣಿಸಿತು.

"ಹಾಗಾದರೆ ನನ್ನಿಂದಲ್ಲ," ಎಂದಿತು. ಮರಿ ಹೋದ ಮೇಲೆ ಅಂದೇ ಅದು ಮೊದಲ ಸಲ ಅತ್ತಿತು.