ಹಲ್ಲಿಯ ಬಾಲ, ಉಡದ ಪಟ್ಟು

ಕಾಲೇಜು ಮೈದಾನದ ಕಲ್ಲುಗೋಡೆಯಲ್ಲಿ ಒಂದು ಉಡವಿತ್ತು. ಕಾಲೇಜಿನ ಕಬಡ್ಡಿ ತಂಡ ಆಡಿದ ದಿನವೆಲ್ಲ ಅದು ಗೋಡೆ ಕಚ್ಚಿ ಕೂತು ನೋಡುತ್ತಿತ್ತು. ತಂಡ ಗೆದ್ದದ್ದು ಮಾತ್ರ ಅದರ ನೆನಪಿನಲ್ಲೇ ಇರಲಿಲ್ಲ.

ಒಂದು ಸಂಜೆ ಆಟದ ನಡುವೆ ಹಾಸ್ಟೆಲಿನ ಹಲ್ಲಿ ಬಾಲವಿಲ್ಲದೆ ಓಡಿಬಂದಿತು.

"ಟಿವಿಯಲ್ಲಿ ಕಬಡ್ಡಿ ಲೀಗಿನ ನಮ್ಮ ತಂಡ ಸೋತಿತು, ಉಡಣ್ಣ. ಹುಡುಗರು ಸಿಟ್ಟಿಗೆ ಗೋಡೆಗೆ ಚಪ್ಪಲಿ ಎಸೆದರು. ನಾನು ಬಾಲ ಕಳಚಿ ಬದುಕಿಕೊಂಡೆ. ದೇಶದೇಶದಿಂದ ತಂದ ಆಟಗಾರರಂತೆ, ಒಬ್ಬನಿಗಾದರೂ ಹಿಡಿಯಲು ಬರುತ್ತದೆಯೇ? ಇವತ್ತಿನಿಂದ ನನ್ನದು ಕಾಲೇಜು ತಂಡ."

"ಕೂತುಕೋ," ಎಂದಿತು ಉಡ.

ಅಷ್ಟರಲ್ಲಿ ಕಾಲೇಜಿನ ಮೂವರು ಒಟ್ಟಿಗೆ ಔಟಾದರು. ಹಲ್ಲಿ ಲೊಚಗುಟ್ಟಿತು.

"ಇವರಿಗೆ ದಮ್ಮಿಲ್ಲ, ಪಿ.ಟಿ. ಮೇಷ್ಟ್ರಿಗೆ ಬುದ್ಧಿಯಿಲ್ಲ. ನನಗೆ ಮೊದಲೇ ಗೊತ್ತಿತ್ತು. ಬಾ, ಆಚೆ ವಾಲಿಬಾಲ್ ನಡೆದಿದೆ. ಗೆಲ್ಲುವವರು ಅಲ್ಲಿದ್ದಾರೆ."

"ಆಟ ಮುಗಿದಿಲ್ಲ."

"ಸೋಲುವವರನ್ನು ಹಿಡಿದುಕೊಂಡು ನಿನಗೇನು ಸಿಗುತ್ತದೆ? ನನ್ನನ್ನು ನೋಡು, ಬಾಲವನ್ನೇ ಬಿಟ್ಟುಬಂದೆ. ಬಿಟ್ಟರೆ ಮತ್ತೆ ಬೆಳೆಯುತ್ತದೆ."

"ನಿನ್ನದು ಬೆಳೆಯುತ್ತದೆ, ತಂಗಿ. ನನ್ನದು ಬೆಳೆಯುವುದಿಲ್ಲ," ಎಂದ ಉಡ ಕಲ್ಲನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು.

ಹಲ್ಲಿ ವಾಲಿಬಾಲಿನ ಕಡೆಗೆ ಹೊರಟುಹೋಯಿತು. ಕಾಲೇಜು ಸೋತಿತು. ನೋಡಲು ಬಂದಿದ್ದವರು ಬೈಯುತ್ತ ಎದ್ದುಹೋದರು.

"ನಾಳೆ ಕೋಳಿ ಕೂಗುವ ಹೊತ್ತಿಗೆ ಎಲ್ಲರೂ ಇಲ್ಲಿರಬೇಕು," ಎಂದು ಪಿ.ಟಿ. ಮೇಷ್ಟ್ರು ಸೋತ ಹುಡುಗರನ್ನು ಗದರಿದರು.

ಮರುದಿನ ಹುಡುಗರು ಕಣ್ಣುಜ್ಜಿಕೊಳ್ಳುತ್ತ ಮೈದಾನಕ್ಕೆ ಬಂದಾಗ, ಉಡ ಆಗಲೇ ಗೋಡೆಯ ಮೇಲೆ ಕೂತಿತ್ತು.