ದೇವೀರಿ ಮುಚ್ಚಿಟ್ಟ ಮೊಸರು

ಒಂದಾನೊಂದು ಕಾಲದಲ್ಲಿ, ನಿನ್ನಷ್ಟೇ ಪುಟ್ಟದೊಂದು ಮೈ ಇತ್ತಂತೆ ಕೂಸೇ, ಆ ಮೈಯೊಳಗೆ ಒಂದು ಊರಿತ್ತಂತೆ. ಊರಿಗೆ ಮೂವರು ಅಣ್ಣತಮ್ಮಂದಿರು ಕಾವಲು. ದೊಡ್ಡವನು ಬೀದೀಲಿ ಸಿಕ್ಕ ಕಳ್ಳನ್ನ ಗುಳುಂ ಅಂತ ನುಂಗೋನು, ನಡುವಿನವನು ಹಗ್ಗ ಬೀಸಿ ಕಟ್ಟಿಹಾಕೋನು, ಕಿರಿಯವನು ದೊಣ್ಣೆ ಹಿಡ್ಕೊಂಡು ಬಾಗಿಲು ಬಾಗಿಲು ನೋಡೋನು. ಯಾಕಂದ್ರೆ ಬೆಳಗಾದ್ರೆ ಎಲ್ಲರೂ ತಮ್ಮನೆ ಮೊಸರು ಒಂಚೂರು ಎಲೆಗೆ ಹಾಕಿ ಹೊಸಿಲಲ್ಲಿ ಇಡಬೇಕು, ಅದು ಅಲ್ಲಿನ ಪದ್ಧತಿ. ಮೊಸರು ಕೆಟ್ಟಿದ್ರೆ ಒಳಗೆ ಕಳ್ಳ ಹೊಕ್ಕಿದ್ದಾನೆ ಅಂತ ಅರ್ಥ. ಅಂಥದ್ದು ಕಂಡ್ರೆ ಕಿರಿಯವನು ಆ ಮನೆ ಗಡಿಗೆ ಒಡೆದು ಒಲೆ ಆರಿಸಿಬಿಡ್ತಿದ್ದನಂತೆ.

ಆ ಊರಿಗೆ ದೇವೀರಿ ಅಂತ ಹೊಸ ಸೊಸೆ ಬಂದಿದ್ಲು. ಒಂದಿನ ಒಬ್ಬ ಕಳ್ಳ ಅವಳ ತವರಿನೋರ ಥರಾನೇ ಕಂಬಳಿ ಹೊದ್ದು ಬಂದು, ಮಜ್ಜಿಗೆ ಕೊಡವ್ವ ಅಂದನಂತೆ. ಪೆದ್ದಿ, ನಂಬಿ ಒಳಗೆ ಕರೆದು ಕೂರಿಸಿದ್ಲು. ಅವಳು ಆಚೆ ತಿರುಗಿದ್ದೇ ತಡ, ಹೆಪ್ಪಿನ ಬಟ್ಟಲಿಗೇ ತಾನು ತಂದಿದ್ದ ಕೆಟ್ಟ ಹೆಪ್ಪಿನ ಒಂದು ತೊಟ್ಟು ಬೆರೆಸಿಬಿಟ್ಟ. ಆಮೇಲೆ ಅವಳು ಎಷ್ಟು ಸಲ ಹೆಪ್ಪು ಹಾಕಿದ್ರೂ ಆಗೋದು ಅವನ ಮೊಸರೇ. ಆ ಮೊಸರಿಂದ ಮರಿಕಳ್ಳರು ಹುಟ್ಟಿ, ಅವಳ ಸೆರಗಿನ ಚೂರೇ ಹರಿದು ಹೊದ್ದು, ಹಿತ್ತಲಿಂದ ಬೇರೆ ಮನೆಗೆ ನುಗ್ಗೋರಂತೆ.

ದೇವೀರಿಗೆ ನಾಚಿಕೆಯಿಂದ ಪ್ರಾಣ ಹೋದಂಗಾಯ್ತು. ನಾನೇ ಕರೆದು ಕೂರಿಸಿದ್ನಲ್ಲ, ಊರಿಗೆ ಯಾವ ಮುಖ ತೋರಿಸಲಿ ಅಂತ ಒಳಗೊಳಗೇ ಬೆಂದ್ಲು. ಮೊದಲನೇ ದಿನ ಉಳಿದಿದ್ದ ಹಳೇ ಮೊಸರು ಎಲೆಗೆ ಹಾಕಿಟ್ಲು. ಎರಡನೇ ದಿನ ಹಾಲು ಹೆಪ್ಪಾಗಲಿಲ್ಲ ಅಂತ ಸುಳ್ಳು ಹೇಳಿದ್ಲು. ಮೂರನೇ ದಿನ ಮೈಗೆ ಜ್ವರ ಏರಿ ಊರಿಗೂರೇ ಕಾದುಹೋಯ್ತು, ಅಣ್ಣಂದಿರಿಬ್ಬರೂ ನುಂಗಿ ನುಂಗಿ, ಕಟ್ಟಿ ಕಟ್ಟಿ ಸುಸ್ತಾಗಿ ಕೂತ್ರು. ಎದುರುಮನೆ ಮಗು ನರಳೋದು ಇವಳ ಕಿವಿಗೆ ಬಿತ್ತು. ಇನ್ನು ತಡೆಯೋಕೆ ಆಗಲಿಲ್ಲ. ಕೆಟ್ಟ ಮೊಸರನ್ನೇ ಎಲೆಗೆ ಹಾಕಿ ಹೊಸಿಲಲ್ಲಿ ಇಟ್ಟು, ತಲೆ ತಗ್ಗಿಸ್ಕೊಂಡು ನಿಂತ್ಲಂತೆ.

ಕಿರಿಯವನು ಬಂದು ನೋಡಿದ. ತಪ್ಪಾಯ್ತು ಕಣಣ್ಣ, ಒಡಿ, ಅಂದ್ಲು. ಅವನು ಗಡಿಗೆ ಒಡೆದ, ಒಲೆ ಆರಿಸಿದ, ಕಣ್ಣೊರೆಸ್ಕೊಂಡ. ಆಮೇಲೆ ಏನಾಯ್ತು ಗೊತ್ತಾ? ಆ ಸದ್ದಿಗೆ ಎದುರುಮನೆ ಬಾಗಿಲು ತೆರೀತಂತೆ, ಪಕ್ಕದ್ದು ತೆರೀತಂತೆ, ಬೀದಿಗೆ ಬೀದೀನೇ ತೆರೀತಂತೆ. ಒಬ್ಬೊಬ್ಬರೂ ಇವಳ ಹಾಗೇ ತಲೆ ತಗ್ಗಿಸ್ಕೊಂಡು, ಮುಚ್ಚಿಟ್ಟಿದ್ದ ಕೆಟ್ಟ ಮೊಸರು ತಂದಿಟ್ಟರಂತೆ. ಇವಳಿಗಿಂತ ಮುಂಚೆ ಆ ಕಳ್ಳನ್ನ ಕೂರಿಸಿ ಮಜ್ಜಿಗೆ ಕೊಟ್ಟೋರೇ ಅರ್ಧ ಊರು!

ಕಿರಿಯವನು ಆ ಗಡಿಗೆಗಳನ್ನೂ ಒಡೆದ, ಆ ಒಲೆಗಳನ್ನೂ ಆರಿಸಿದ, ಮರಿಕಳ್ಳರು ಹುಟ್ಟೋದು ನಿಂತಿತು. ಆಮೇಲೆ ಮೊಸರು ಕೆಡದ ಮನೆಯೋರು ಹೆಪ್ಪು ಕೊಟ್ರು, ಕೆಂಡ ಕೊಟ್ರು, ಒಲೆಗಳು ಹತ್ತಿದವು, ಜ್ವರ ಇಳೀತು. ಒಂದಿಬ್ಬರು ಕಳ್ಳರು ಇನ್ನೂ ಯಾವುದೋ ಅಟ್ಟದಲ್ಲಿ ಉಸಿರು ಬಿಗಿಹಿಡಿದು ಮಲಗಿರಬಹುದಂತೆ, ಮಲಗಿರಲಿ. ಈಗ ಅಲ್ಲಿ ಯಾರ ಮನೆ ಮೊಸರು ಕೆಟ್ಟರೂ, ಬೆಳಗಾಗೋದನ್ನೂ ಕಾಯದೆ ಅವರೇ ಕಿರಿಯವನನ್ನ ಕೂಗಿ ಕರೀತಾರಂತೆ. ಅಲ್ಲಿಗೆ ಕತೆ ಮುಗೀತು ಕೂಸೇ, ಕಣ್ಮುಚ್ಚು.